ಹದಿನಾರು ತುಂಬಿತೆಂದು ಹೇಳುವವರು ಯಾರು?

ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಒಂದನೇ ತರಗತಿಗೆ ದಾಖಲು, ಮುಟ್ಟದಿದ್ದರೆ ಬರುವ ವರ್ಷ ಬಾ. ಕರ್ನಾಟಕದ ಹಳ್ಳಿ ಶಾಲೆಗಳಲ್ಲಿ ಬಹುಕಾಲ ಮಗುವಿನ ವಯಸ್ಸನ್ನು ನಿರ್ಧರಿಸುತ್ತಿದ್ದ ಪರೀಕ್ಷೆ ಇದು. ಜನನ ಪತ್ರವಾಗಲಿ ಜಾತಕವಾಗಲಿ ಇಲ್ಲದ ಮನೆಯ ಮಕ್ಕಳಿಗೆ ಹುಟ್ಟಿದ ದಿನವನ್ನು ಹೆಡ್‌ಮಾಸ್ತರರೇ ದಯಪಾಲಿಸುತ್ತಿದ್ದರು. ಶಾಲೆ ಆರಂಭವಾಗುವ ಜೂನ್ ತಿಂಗಳ ಮೊದಲ ದಿನ ಅವರ ಲೇಖನಿಗೆ ಸುಲಭವಾಗಿ ಒದಗುತ್ತಿತ್ತು. ಜೂನ್ 1ರಂದು ಹುಟ್ಟಿದವರು ಸರ್ಕಾರಿ ಕಚೇರಿಗಳಲ್ಲಿ ಎಷ್ಟು ಮಂದಿ ಇದ್ದರೆಂಬುದನ್ನು ಹಳೆಯ ಸೇವಾ ಪುಸ್ತಕಗಳನ್ನು ತಿರುವಿದವರು ಬಲ್ಲರು. ನೌಕರಿ, ಬಡ್ತಿ, ನಿವೃತ್ತಿ, ಪಿಂಚಣಿ ಎಲ್ಲವೂ ಆ ಒಂದು ದಿನಾಂಕದ ಮೇಲೆ ನಿಂತಿದ್ದವು.

ಮಗುವಿನ ವಯಸ್ಸೆಷ್ಟು ಎಂಬ ಆ ಹಳೆಯ ಪ್ರಶ್ನೆ ಈಗ ಜಗತ್ತಿನ ಅತಿ ದೊಡ್ಡ ಕಂಪೆನಿಗಳ ಬಾಗಿಲಿಗೆ ಬಂದಿದೆ. 2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯದಲ್ಲಿ 16 ವರ್ಷ ತುಂಬದವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಥ್ರೆಡ್ಸ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಎಕ್ಸ್, ಯೂಟ್ಯೂಬ್, ರೆಡ್ಡಿಟ್, ಟ್ವಿಚ್, ಕಿಕ್ ಎಂಬ ಹತ್ತು ತಾಣಗಳು ಮೊದಲ ಪಟ್ಟಿಯಲ್ಲಿದ್ದವು. ಇಡೀ ದೇಶಕ್ಕೆ ಅನ್ವಯಿಸುವ ಇಂಥ ನಿಷೇಧವನ್ನು ಜಾರಿಗೆ ತಂದ ಮೊದಲ ರಾಷ್ಟ್ರ ಅದು. ಜಾರಿಯಾದ ಕೆಲವೇ ದಿನಗಳಲ್ಲಿ ಕಂಪೆನಿಗಳು ಸುಮಾರು 47 ಲಕ್ಷ ಖಾತೆಗಳನ್ನು ಮುಚ್ಚಿದವು ಅಥವಾ ನಿರ್ಬಂಧಿಸಿದವು ಎಂದು ಅಲ್ಲಿನ ಸರ್ಕಾರ 2026ರ ಜನವರಿಯಲ್ಲಿ ಪ್ರಕಟಿಸಿತು.

ಮಕ್ಕಳನ್ನು ಈ ತಾಣಗಳಿಂದ ಕಾನೂನಿನ ಮೂಲಕ ದೂರವಿಡಬೇಕೇ ಎಂಬ ಚರ್ಚೆ ಅಲ್ಲಿಂದ ಎಲ್ಲ ದೇಶಗಳಿಗೂ ಹಬ್ಬಿದೆ. ಚರ್ಚೆಯೆಲ್ಲ ಬಹುಪಾಲು 13, 16, 18 ಎಂಬ ಸಂಖ್ಯೆಗಳ ಸುತ್ತಲೇ ನಡೆಯುತ್ತದೆ. ಆದರೆ ಮಕ್ಕಳಿಗಾಗಿ ಗೆರೆ ಎಳೆದ ಹಿಂದಿನ ಕಾಯ್ದೆಗಳ ಚರಿತ್ರೆಯನ್ನು ನೋಡಿದರೆ, ಅವುಗಳ ಹಣೆಬರಹವನ್ನು ಬರೆದದ್ದು ಗೆರೆಯ ಬಳಿ ನಿಂತು ವಯಸ್ಸು ಕೇಳುವವನು ಯಾರು, ಅವನು ಯಾವ ಸಾಕ್ಷಿಯನ್ನು ಒಪ್ಪುತ್ತಾನೆ ಎಂಬ ಸಣ್ಣ ವಿವರ.

ಪುಸ್ತಕದಿಂದ ಕಾಯ್ದೆಗೆ

ಆಸ್ಟ್ರೇಲಿಯದ ಕಾಯ್ದೆ ಹುಟ್ಟಿದ ಬಗೆಯೇ ಸ್ವಾರಸ್ಯಕರ. ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ ಬರೆದ 'ದಿ ಆಂಕ್ಷಿಯಸ್ ಜನರೇಷನ್' 2024ರಲ್ಲಿ ಪ್ರಕಟವಾಯಿತು. ದಕ್ಷಿಣ ಆಸ್ಟ್ರೇಲಿಯ ರಾಜ್ಯದ ಪ್ರಧಾನಿ ಪೀಟರ್ ಮಾಲಿನಾಸ್ಕಸ್ ಅವರ ಪತ್ನಿ ಅದನ್ನು ಓದಿ, ಈ ಬಗ್ಗೆ ಏನಾದರೂ ಮಾಡಬೇಕೆಂದು ಪತಿಗೆ ಹೇಳಿದರಂತೆ. ಅವರು ದೇಶದ ನಿವೃತ್ತ ಮುಖ್ಯ ನ್ಯಾಯಮೂರ್ತಿ ರಾಬರ್ಟ್ ಫ್ರೆಂಚ್ ಅವರಿಂದ ವರದಿ ತರಿಸಿಕೊಂಡರು. ಕೇಂದ್ರ ಸರ್ಕಾರ ಅದೇ ವರ್ಷ ಮಸೂದೆ ತಂದಿತು. ಸಾರ್ವಜನಿಕರಿಗೆ ಅಭಿಪ್ರಾಯ ತಿಳಿಸಲು ಕೊಟ್ಟದ್ದು ಒಂದೇ ದಿನ. ಆ ಒಂದು ದಿನದಲ್ಲೇ ಸುಮಾರು 15 ಸಾವಿರ ಪತ್ರಗಳು ಬಂದವು. ನವೆಂಬರ್ ಕೊನೆಯ ವಾರ ಕೆಳಮನೆಯಲ್ಲಿ 102-13, ಮೇಲ್ಮನೆಯಲ್ಲಿ 34-19 ಮತಗಳಿಂದ ಮಸೂದೆ ಅಂಗೀಕಾರವಾಯಿತು. ಪತ್ನಿ ಓದಿದ ಪುಸ್ತಕ ಇಷ್ಟು ಬೇಗ ಕಾಯ್ದೆಯಾಗಿ ಪರಿಣಮಿಸಿದ ಉದಾಹರಣೆ ಸಂಸದೀಯ ಚರಿತ್ರೆಯಲ್ಲಿ ಹೆಚ್ಚಿರಲಾರದು.

ಈ ಕಾಯ್ದೆಯಲ್ಲಿ ಮಗುವಿಗಾಗಲಿ ತಂದೆ ತಾಯಿಗಾಗಲಿ ಶಿಕ್ಷೆ ಇಲ್ಲ. ತಂದೆ ತಾಯಿ ಒಪ್ಪಿದರೂ ಖಾತೆ ಸಿಗದು. ಹೊಣೆಯೆಲ್ಲ ಕಂಪೆನಿಯದು. ಎಳೆಯರನ್ನು ಹೊರಗಿಡಲು ಅದು ಸಮಂಜಸವಾದ ಕ್ರಮ ಕೈಗೊಳ್ಳದಿದ್ದರೆ 4 ಕೋಟಿ 95 ಲಕ್ಷ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಹಾಗಾದರೆ ಎಳೆಯರು ಯಾರೆಂದು ತಿಳಿಯುವುದು ಹೇಗೆ? ಸರ್ಕಾರ ಕೊಟ್ಟ ಗುರುತಿನ ಚೀಟಿಯೊಂದನ್ನೇ ಕೇಳುವಂತಿಲ್ಲ, ಬೇರೆ ದಾರಿಯನ್ನೂ ಒದಗಿಸಬೇಕೆಂದು ಕಾಯ್ದೆ ಹೇಳುತ್ತದೆ. ಆ ಬೇರೆ ದಾರಿಗಳಲ್ಲಿ ಮುಖ್ಯವಾದುದು ಕ್ಯಾಮೆರಾದ ಮುಂದೆ ಮುಖ ತೋರಿಸುವುದು. ಗಣಕಯಂತ್ರ ಮುಖ ನೋಡಿ ವಯಸ್ಸನ್ನು ಅಂದಾಜು ಮಾಡುತ್ತದೆ. ಅರವತ್ತರವರನ್ನು ಹತ್ತರವರಿಂದ ಬೇರ್ಪಡಿಸುವುದು ಅದಕ್ಕೆ ಕಷ್ಟವಲ್ಲ. ಹದಿನೈದರ ಮುಖ ಯಾವುದು, ಹದಿನೇಳರ ಮುಖ ಯಾವುದು ಎಂಬಲ್ಲಿ ಎಡವುತ್ತದೆ. ಕಾಯ್ದೆಗೆ ಬೇಕಾದದ್ದು ಮಾತ್ರ ಆ ಅಂಚಿನ ತೀರ್ಮಾನವೇ.

ಹಲ್ಲು ನೋಡಿ ವಯಸ್ಸು

ಇದೇ ಇಕ್ಕಟ್ಟಿನಲ್ಲಿ ಇಂಗ್ಲೆಂಡ್ ಸುಮಾರು 190 ವರ್ಷಗಳ ಹಿಂದೆ ಸಿಕ್ಕಿಕೊಂಡಿತ್ತು. ಬಟ್ಟೆ ಗಿರಣಿಗಳಲ್ಲಿ ಮಕ್ಕಳ ದುಡಿಮೆಯನ್ನು ನಿಯಂತ್ರಿಸಲು 1833ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾಯ್ದೆ ಮಾಡಿತು. 9 ವರ್ಷದೊಳಗಿನವರಿಗೆ ಕೆಲಸವಿಲ್ಲ, 9ರಿಂದ 13ರವರೆಗಿನವರಿಗೆ ದಿನಕ್ಕೆ 9 ಗಂಟೆಗಿಂತ ಹೆಚ್ಚು ಕೆಲಸ ಕೂಡದು. ಆದರೆ ದೇಶದಲ್ಲಿ ಜನನ ನೋಂದಣಿ ವ್ಯವಸ್ಥೆ ಬಂದದ್ದೇ 1837ರಲ್ಲಿ. ಹೀಗಾಗಿ ವೈದ್ಯನೊಬ್ಬ ಮಗುವನ್ನು ನೋಡಿ, ಇದಕ್ಕೆ ಒಂಬತ್ತು ವರ್ಷದ ಮಗುವಿಗಿರುವಷ್ಟು ಶಕ್ತಿ ಮತ್ತು ಮೈಕಟ್ಟು ಇದೆ ಎಂದು ಪ್ರಮಾಣಪತ್ರ ಬರೆದುಕೊಟ್ಟರೆ ಸಾಕಿತ್ತು. ಗಿರಣಿ ಮಾಲೀಕನಿಗೆ ಕೈಗಳು ಬೇಕು, ತಂದೆಗೆ ವಾರದ ಕೂಲಿ ಬೇಕು, ವೈದ್ಯನಿಗೆ ಶುಲ್ಕ ಬೇಕು. ಮೂವರಿಗೂ ಮಗು ದೊಡ್ಡದಾಗಿ ಕಾಣುವುದೇ ಅನುಕೂಲ.

1837ರಲ್ಲಿ ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯ ಸಾವಿರದಷ್ಟು ಮಕ್ಕಳ ಬಾಯಿ ತೆರೆಸಿ ನೋಡಿ, ವಯಸ್ಸನ್ನು ಹೇಳಲು ಎತ್ತರಕ್ಕಿಂತ ಹಲ್ಲು ಉತ್ತಮ ಸಾಕ್ಷಿ ಎಂದು ಪುಸ್ತಕ ಬರೆದು ಪಾರ್ಲಿಮೆಂಟಿನ ಮುಂದಿಟ್ಟ. ಮುಂದೆ ಆತ ವಿಕ್ಟೋರಿಯಾ ರಾಣಿಯ ದಂತವೈದ್ಯನಾಗಿ 'ಸರ್' ಪದವಿ ಪಡೆದ. ನಮ್ಮಲ್ಲಿ ದನದ ಸಂತೆಯಲ್ಲಿ ಹೋರಿಯ ಬಾಯಿ ತೆರೆಸಿ ಹಲ್ಲು ಎಣಿಸುವವರಿಗೆ ಈ ಶೋಧ ಹೊಸದೇನೂ ಅಲ್ಲ.

ಹಲ್ಲಿನ ಪರೀಕ್ಷೆಯೊಂದರಿಂದಲೇ ಗಿರಣಿಯ ಮಕ್ಕಳ ಪಾಡು ಬದಲಾಗಲಿಲ್ಲ. ಬದಲಾವಣೆಗೆ ಬೇರೆ ಎರಡು ಸಂಗತಿಗಳು ಕಾರಣವಾದವು. ಮೊದಲನೆಯದು, ಮಾಲೀಕನ ಹಂಗಿನಲ್ಲಿಲ್ಲದ ಸರ್ಕಾರಿ ತನಿಖಾಧಿಕಾರಿ. ಆರಂಭದಲ್ಲಿ ಇಡೀ ದೇಶಕ್ಕೆ ಇದ್ದವರು ನಾಲ್ವರೇ ಆದರೂ ಅವರ ವರದಿಗಳು ಪಾರ್ಲಿಮೆಂಟನ್ನು ತಟ್ಟುತ್ತಿದ್ದವು. ಎರಡನೆಯದು 1844ರ ಕಾಯ್ದೆ. ತಿರುಗುವ ಗಾಲಿ, ಹಲ್ಲುಚಕ್ರಗಳಿಗೆ ಬೇಲಿ ಹಾಕಬೇಕೆಂದು ಅದು ಮಾಲೀಕರಿಗೆ ಕಟ್ಟಪ್ಪಣೆ ಮಾಡಿತು. ಮಕ್ಕಳ ದುಡಿಮೆಯನ್ನು ದಿನಕ್ಕೆ ಆರೂವರೆ ಗಂಟೆಗೆ ಇಳಿಸಿತು. ಪ್ರಮಾಣಪತ್ರ ಕೊಡುವ ವೈದ್ಯನನ್ನು ತನಿಖಾಧಿಕಾರಿಯೇ ನೇಮಿಸುವಂತಾಯಿತು. ಅಚ್ಚರಿಯೆಂದರೆ ಇದೇ ಕಾಯ್ದೆ ವಯಸ್ಸಿನ ಮಿತಿಯನ್ನು 9ರಿಂದ 8ಕ್ಕೆ ಇಳಿಸಿತು. ಅಂದರೆ ವಯಸ್ಸಿನ ಗೆರೆ ಹಿಂದೆ ಸರಿದ ವರ್ಷವೇ ಯಂತ್ರಕ್ಕೆ ಬೇಲಿ ಬಂದದ್ದು.

ಗಡಿ ದಾಟಿ ಮದುವೆ

ನಮ್ಮ ನಾಡಿಗೂ ಈ ಬಗೆಯ ಗೆರೆಗಳ ಪರಿಚಯ ಹಳೆಯದು. ಮೈಸೂರು ಸಂಸ್ಥಾನ 1894ರಲ್ಲಿಯೇ 8 ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು, 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆಯಾಗುವುದನ್ನು ನಿಷೇಧಿಸಿತ್ತು. ಬ್ರಿಟಿಷ್ ಭಾರತಕ್ಕೆ ಅಂಥ ಕಾಯ್ದೆ ಬಂದದ್ದು 35 ವರ್ಷಗಳ ನಂತರ. ಶಾರದಾ ಕಾಯ್ದೆ ಎಂದೇ ಹೆಸರಾದ ಅದು 1929ರಲ್ಲಿ ಅಂಗೀಕಾರವಾಗಿ 1930ರ ಏಪ್ರಿಲ್ 1ರಂದು ಜಾರಿಗೆ ಬಂತು. ನಡುವಿನ ಆ ಆರು ತಿಂಗಳಲ್ಲಿ ದೇಶದ ಹಲವೆಡೆ ಬಾಲ್ಯವಿವಾಹಗಳ ಸುಗ್ಗಿಯೇ ನಡೆಯಿತು. 1931ರ ಜನಗಣತಿಯ ವರದಿಯಲ್ಲಿ ಇದರ ಪ್ರಸ್ತಾಪವಿದೆ. ಜಾರಿಯಾದ ಮೇಲೆ ಕೆಲವರು ಕಾಯ್ದೆ ಅನ್ವಯಿಸದ ಸಂಸ್ಥಾನಗಳಿಗೂ ಫ್ರೆಂಚರ ವಶದಲ್ಲಿದ್ದ ಊರುಗಳಿಗೂ ದಿಬ್ಬಣ ಕಟ್ಟಿಕೊಂಡು ಹೋಗಿ ಮದುವೆ ಮುಗಿಸಿಕೊಂಡು ಬಂದರು.

ಗಡಿ ದಾಟುವ ಈ ಉಪಾಯಕ್ಕೆ ಇಂದಿನ ಹೆಸರು ವಿಪಿಎನ್. ಬೇರೆ ದೇಶದಲ್ಲಿ ಕುಳಿತಂತೆ ತೋರಿಸಿ ಅಂತರ್ಜಾಲ ಬಳಸಲು ಅನುವು ಮಾಡಿಕೊಡುವ ತಂತ್ರಾಂಶ ಇದು. ಬ್ರಿಟನ್ನಿನಲ್ಲಿ ಅಶ್ಲೀಲ ತಾಣಗಳಿಗೂ ಮಕ್ಕಳಿಗೆ ಹಾನಿಕರವಾದ ಇತರ ವಿಷಯಗಳಿಗೂ 2025ರ ಜುಲೈ 25ರಿಂದ ವಯಸ್ಸಿನ ತಪಾಸಣೆ ಕಡ್ಡಾಯವಾದಾಗ, ಅತಿ ಹೆಚ್ಚು ಇಳಿಸಿಕೊಂಡ ತಂತ್ರಾಂಶಗಳ ಪಟ್ಟಿಯ ಮೇಲ್ತುದಿಗೆ ವಿಪಿಎನ್‌ಗಳು ಏರಿದವು. ಇನ್ನು ಕೆಲವರು ವಿಡಿಯೋ ಗೇಮಿನ ಪಾತ್ರವೊಂದರ ಮುಖವನ್ನು ಕ್ಯಾಮೆರಾಕ್ಕೆ ತೋರಿಸಿ ತಪಾಸಣೆಯಲ್ಲಿ ಪಾರಾದರು.

ದಕ್ಷಿಣ ಕೊರಿಯದ ಪ್ರಯೋಗ ಇನ್ನೂ ಸ್ಪಷ್ಟವಾದುದು. 16 ವರ್ಷದೊಳಗಿನವರು ನಡುರಾತ್ರಿಯಿಂದ ಬೆಳಗಿನ 6 ಗಂಟೆಯವರೆಗೆ ಅಂತರ್ಜಾಲದ ಆಟಗಳನ್ನು ಆಡಕೂಡದೆಂದು ಅಲ್ಲಿ 2011ರಲ್ಲಿ ಕಾಯ್ದೆಯಾಯಿತು. ಹನ್ನೆರಡು ಹೊಡೆದರೆ ಬಾಗಿಲು ಬಂದ್ ಆಗುವುದರಿಂದ ಜನ ಅದನ್ನು ಸಿಂಡ್ರೆಲಾ ಕಾಯ್ದೆ ಎಂದು ಕರೆದರು. ಅಲ್ಲಿ ಪ್ರತಿಯೊಬ್ಬರಿಗೂ ನಿವಾಸಿ ನೋಂದಣಿ ಸಂಖ್ಯೆ ಇದೆ, ವಯಸ್ಸು ತಿಳಿಯುವುದು ಸುಲಭ. ಮಕ್ಕಳು ಅಪ್ಪ ಅಮ್ಮಂದಿರ ಸಂಖ್ಯೆ ಒತ್ತಿ ಒಳಹೊಕ್ಕರು. ಅಷ್ಟರಲ್ಲಿ ಆಟಗಳೇ ಕಂಪ್ಯೂಟರಿನಿಂದ ಮೊಬೈಲಿಗೆ ವಲಸೆ ಹೋದವು, ಕಾಯ್ದೆ ಕಂಪ್ಯೂಟರಿನ ಬಳಿಯೇ ಕಾವಲು ಕಾಯುತ್ತಿತ್ತು. ನಿದ್ದೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2022ರ ಆರಂಭದಲ್ಲಿ ಅದನ್ನು ಕೈಬಿಡಲಾಯಿತು.

ಸುಳ್ಳು ಹೇಳಿ ಒಳಬರುವ ಮಕ್ಕಳ ಸಮಸ್ಯೆ ಒಂದು ಕಡೆ. ಸತ್ಯ ಹೇಳಿದವರ ಸಾಕ್ಷಿ ಪತ್ರಗಳು ಎಲ್ಲಿ ಉಳಿಯುತ್ತವೆ ಎಂಬುದು ಇನ್ನೊಂದು. ಗೆರೆ ಮಕ್ಕಳಿಗಾಗಿಯೇ ಇದ್ದರೂ ತಾನು ಮಗುವಲ್ಲವೆಂದು ತೋರಿಸಬೇಕಾದವರಲ್ಲಿ ದೊಡ್ಡವರೂ ಸೇರುತ್ತಾರೆ. 2025ರ ಅಕ್ಟೋಬರಿನಲ್ಲಿ ಡಿಸ್ಕಾರ್ಡ್ ಎಂಬ ಹರಟೆ ತಾಣದ ಪರವಾಗಿ ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದಕ್ಕೆ ಕನ್ನ ಬಿದ್ದದ್ದು ಬಹಿರಂಗವಾಯಿತು. ವಯಸ್ಸಿನ ಬಗ್ಗೆ ಮೇಲ್ಮನವಿ ಸಲ್ಲಿಸಿದವರು ಕೊಟ್ಟಿದ್ದ ಗುರುತಿನ ಚೀಟಿಗಳ ಚಿತ್ರಗಳೂ ಅದರಲ್ಲಿದ್ದವು. ತೊಂದರೆಗೆ ಒಳಗಾದವರು ಸುಮಾರು 70 ಸಾವಿರ ಮಂದಿ.

ಹದಿಮೂರರ ಕಥೆ

ಇಲ್ಲಿಯವರೆಗೆ ಗೆರೆಯೇ ಇರಲಿಲ್ಲವೆಂದಲ್ಲ. ಬಹುತೇಕ ತಾಣಗಳು 13 ವರ್ಷ ತುಂಬಿರಬೇಕೆಂದು ಹೇಳುತ್ತಲೇ ಬಂದಿವೆ. ಈ ಹದಿಮೂರು ಯಾವ ವೈದ್ಯರ ಸಲಹೆಯೂ ಅಲ್ಲ. 1998ರಲ್ಲಿ ಅಮೆರಿಕದ ಕಾಂಗ್ರೆಸ್ಸು ಮಕ್ಕಳ ಖಾಸಗಿ ವಿವರಗಳ ರಕ್ಷಣೆಗೆ ಕಾಯ್ದೆ ಮಾಡಿದಾಗ, ಅದಕ್ಕಾಗಿ ಶ್ರಮಿಸಿದ ಎಡ್ವರ್ಡ್ ಮಾರ್ಕಿ 16 ವರ್ಷವನ್ನು ಬಯಸಿದ್ದರು. ವ್ಯಾಪಾರಿ ಹಿತಾಸಕ್ತಿಗಳ ವಿರೋಧದಿಂದ ಚೌಕಾಸಿ ನಡೆದು ಸಂಖ್ಯೆ 13ಕ್ಕೆ ಇಳಿಯಿತು. ಅದಕ್ಕಿಂತ ಕಿರಿಯರ ವಿವರ ಸಂಗ್ರಹಿಸಲು ತಂದೆ ತಾಯಿಯ ಒಪ್ಪಿಗೆ ಬೇಕು ಎಂಬುದಷ್ಟೇ ಅದರ ತಾತ್ಪರ್ಯ. ಒಪ್ಪಿಗೆ ಪಡೆಯುವ ಗೋಜೇ ಬೇಡವೆಂದು ಕಂಪೆನಿಗಳು ಕಿರಿಯರಿಗೆ ಪ್ರವೇಶವಿಲ್ಲ ಎಂದು ಬರೆದುಕೊಂಡವು. ಕಾವಲುಗಾರನಾಗಿ ನಿಂತದ್ದು ಹುಟ್ಟಿದ ವರ್ಷ ಕೇಳುವ ಒಂದು ಚೌಕ. ಬೇಕಾದ ವರ್ಷವನ್ನು ಒತ್ತಿದರೆ ಬಾಗಿಲು ತೆರೆಯುತ್ತಿತ್ತು. ನೆತ್ತಿಯ ಮೇಲಿಂದ ಕಿವಿ ಮುಟ್ಟುವಷ್ಟು ಶ್ರಮವೂ ಇರಲಿಲ್ಲ.

ಹಾಗಾದರೆ ಗೆರೆ ಯಾಕೆ ಬೇಕು? ಹಾನಿ ನಿಜವೇ? ಲಂಡನ್ನಿನ 14 ವರ್ಷದ ಬಾಲಕಿಯೊಬ್ಬಳು 2017ರಲ್ಲಿ ಆತ್ಮಹಾನಿ ಮಾಡಿಕೊಂಡು ಸಾವಿಗೀಡಾದಳು. ಖಿನ್ನತೆ, ಆತ್ಮಹಾನಿಗೆ ಸಂಬಂಧಿಸಿದ ಅಪಾರ ಚಿತ್ರಗಳನ್ನು ಜಾಲತಾಣಗಳು ಆಕೆಗೆ ತೋರಿಸಿದ್ದವು. ಅವುಗಳಲ್ಲಿ ಕೆಲವನ್ನು ಆಕೆ ಹುಡುಕಿಯೇ ಇರಲಿಲ್ಲ, ಯಂತ್ರವೇ ಆರಿಸಿ ಮುಂದಿಟ್ಟಿತ್ತು. ಅವು ಆಕೆಯ ಸಾವಿಗೆ ಕನಿಷ್ಠಕ್ಕಿಂತ ಹೆಚ್ಚಿನ ಮಟ್ಟದಲ್ಲಿ ಕಾರಣವಾದವೆಂದು 2022ರಲ್ಲಿ ಮರಣ ವಿಚಾರಣಾಧಿಕಾರಿ ತೀರ್ಮಾನಿಸಿದರು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದವರಾದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರಲ್ಲಿ ಹೊರಡಿಸಿದ ಎಚ್ಚರಿಕೆ ಪತ್ರದಲ್ಲಿ, ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಈ ತಾಣಗಳಲ್ಲಿ ಕಳೆಯುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕಗಳ ಸಂಭವ ಇಮ್ಮಡಿ ಎಂಬ ಅಧ್ಯಯನವನ್ನು ಉಲ್ಲೇಖಿಸಿದರು. ಮರುವರ್ಷ ಅವರು ಸಿಗರೇಟು ಪೊಟ್ಟಣದ ಮೇಲಿರುವಂಥ ಎಚ್ಚರಿಕೆಯ ಬರಹವನ್ನು ಜಾಲತಾಣಗಳಿಗೂ ಅಂಟಿಸಬೇಕೆಂದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ವ್ಯಸನಕ್ಕೆಂದೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಬೇಕಾಯಿತು.

ಎದುರು ವಾದವೂ ಗಟ್ಟಿಯಾಗಿದೆ. ಮನಶ್ಶಾಸ್ತ್ರಜ್ಞೆ ಕ್ಯಾಂಡಿಸ್ ಓಜರ್ಸ್ ಅವರು ಹೈಟ್ ಅವರ ಪುಸ್ತಕವನ್ನು 'ನೇಚರ್' ಪತ್ರಿಕೆಯಲ್ಲಿ ವಿಮರ್ಶಿಸುತ್ತ, ಎರಡು ಸಂಗತಿ ಒಟ್ಟಿಗೆ ಏರಿದವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು ಎಂದು ಆಕ್ಷೇಪಿಸಿದರು. ನೊಂದ ಮಕ್ಕಳೇ ಹೆಚ್ಚಾಗಿ ಮೊಬೈಲಿನ ಮೊರೆ ಹೋಗುತ್ತಿರಬಹುದಲ್ಲವೇ?

ದೊಡ್ಡವರ ಭೀತಿ ಕಾಯ್ದೆಯಾದ ನಿದರ್ಶನಗಳಿಗೂ ಕೊರತೆಯಿಲ್ಲ. 1954ರಲ್ಲಿ ಗ್ಲಾಸ್ಗೋ ನಗರದ ಸ್ಮಶಾನವೊಂದಕ್ಕೆ ನೂರಾರು ಮಕ್ಕಳು ಕಬ್ಬಿಣದ ಹಲ್ಲಿನ ರಕ್ತಪಿಶಾಚಿಯನ್ನು ಹುಡುಕಿಕೊಂಡು ನುಗ್ಗಿದರು. ಅಮೆರಿಕದ ಭಯಾನಕ ಚಿತ್ರಕಥೆಗಳೇ ಇದಕ್ಕೆ ಕಾರಣವೆಂದು ಹುಯಿಲೆದ್ದಿತು. ಅಂಥ ಪುಸ್ತಕಗಳ ವಿರುದ್ಧ ಆಗಲೇ ನಡೆದಿದ್ದ ಚಳವಳಿಗೆ ಇದು ಬಲ ಕೊಟ್ಟು, 1955ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅವುಗಳನ್ನು ನಿಷೇಧಿಸಿತು. ಆ ಕಬ್ಬಿಣದ ಹಲ್ಲಿನ ಪಿಶಾಚಿಗೆ ಬೈಬಲ್ಲಿನಲ್ಲೂ ಶಾಲಾ ಪಠ್ಯದ ಪದ್ಯದಲ್ಲೂ ಪೂರ್ವಜರಿದ್ದರೆಂದು ಆಮೇಲೆ ಕೆಲವರು ತೋರಿಸಿದರು. ಮರುವರ್ಷವೇ ಭಾರತವೂ ಯುವಜನರಿಗೆ ಹಾನಿಕರವಾದ ಪ್ರಕಟಣೆಗಳ ವಿರುದ್ಧ ಕಾಯ್ದೆ ಮಾಡಿತು. ಅದರ ಪ್ರಕಾರ 20 ವರ್ಷದೊಳಗಿನವರೆಲ್ಲ ಎಳೆಯರು.

ಆದರೂ ಚಿತ್ರಕಥೆಯ ಪುಸ್ತಕಕ್ಕೂ ಇಂದಿನ ಜಾಲತಾಣಕ್ಕೂ ಒಂದು ವ್ಯತ್ಯಾಸವಿದೆ. ಪುಸ್ತಕ ಓದುಗನನ್ನು ತಿರುಗಿ ನೋಡುತ್ತಿರಲಿಲ್ಲ. ಮಗು ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಲೆಕ್ಕವಿಟ್ಟು ಮುಂದಿನ ಪುಟವನ್ನು ಅದಕ್ಕೆ ತಕ್ಕಂತೆ ಅಚ್ಚು ಹಾಕುತ್ತಿರಲಿಲ್ಲ. ಪುಸ್ತಕಕ್ಕೆ ಕೊನೆಯ ಪುಟವೂ ಇತ್ತು. ಜಾಲತಾಣದ ಯಂತ್ರಕ್ಕೆ ಅದಿಲ್ಲ, ಯಾಕೆಂದರೆ ನೋಡುವವನು ಎದ್ದು ಹೋಗದಿರುವಷ್ಟು ಹೊತ್ತು ಜಾಹೀರಾತಿನ ಆದಾಯ. ಗಿರಣಿಯ ಹೋಲಿಕೆ ಹೊಂದುವುದು ಇಲ್ಲಿಯೇ. ಹೊಣೆಯನ್ನು ಮಗುವಿನ ಬದಲು ಮಾಲೀಕನ ಮೇಲೆ ಹೊರಿಸಿದ ಆಸ್ಟ್ರೇಲಿಯ 1833ರ ಮಟ್ಟಿಗೆ ಸರಿಯಾದ ಹೆಜ್ಜೆಯನ್ನೇ ಇಟ್ಟಿದೆ. 1844 ಇನ್ನೂ ಬಾಕಿ. ಖಾತೆ ಇಲ್ಲದೆಯೂ ಯೂಟ್ಯೂಬ್ ನೋಡಲು ಅಲ್ಲಿನ ಮಗುವಿಗೆ ಅಡ್ಡಿಯಿಲ್ಲ. ಹದಿನಾರನೇ ಹುಟ್ಟುಹಬ್ಬದಂದು ಅದರ ಮುಂದೆ ತೆರೆದುಕೊಳ್ಳುವುದು ಬೇಲಿಯಿಲ್ಲದ ಅದೇ ಯಂತ್ರ.

ಒಂದು ಮನೆ, ಒಂದು ಫೋನು

ಭಾರತದಲ್ಲಿ ಈ ವಿಷಯ ನ್ಯಾಯಾಲಯಗಳ ಬಾಗಿಲನ್ನೂ ತಟ್ಟಿದೆ. ಎಕ್ಸ್ ಕಂಪೆನಿಯ ಮೇಲ್ಮನವಿಯ ವಿಚಾರಣೆ ವೇಳೆ, 2023ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ, ಶಾಲಾ ಮಕ್ಕಳು ಇವುಗಳಿಗೆ ಅಂಟಿಕೊಂಡಿದ್ದಾರೆ, ವಯಸ್ಸಿನ ಮಿತಿ ತರುವುದು ಒಳಿತು ಎಂದು ಮೌಖಿಕವಾಗಿ ಅಭಿಪ್ರಾಯಪಟ್ಟಿತ್ತು. 13 ವರ್ಷದೊಳಗಿನವರಿಗೆ ನಿಷೇಧ ಕೋರಿದ ಅರ್ಜಿಯೊಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಇದು ಸರ್ಕಾರದ ನೀತಿಗೆ ಬಿಟ್ಟ ವಿಷಯ ಎಂದು ನ್ಯಾಯಾಲಯ ಹೇಳಿತು.

ನಮ್ಮ ಪರಿಸ್ಥಿತಿ ಆಸ್ಟ್ರೇಲಿಯದ್ದಲ್ಲ. ಇಲ್ಲಿ ಎಷ್ಟೋ ಮನೆಗಳಲ್ಲಿ ಫೋನು ಒಂದು, ಕೈಗಳು ನಾಲ್ಕಾರು. ಸಿಮ್ ಕಾರ್ಡು ಅಪ್ಪನ ಹೆಸರಿನಲ್ಲಿ, ಖಾತೆ ಅಣ್ಣನದು, ನೋಡುವವಳು ತಂಗಿ. ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಮಕ್ಕಳ ಕೈಗೆ ಫೋನು ಕೊಟ್ಟವರು ದೊಡ್ಡವರೇ. ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನವರ ಬಗ್ಗೆ 2024ರ 'ಅಸರ್' ಸಮೀಕ್ಷೆ ಹೇಳುವಂತೆ ಶೇ 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಗೊತ್ತು. ಸಮೀಕ್ಷೆಯ ಹಿಂದಿನ ವಾರ ಅದನ್ನು ಕಲಿಕೆಗೆ ಬಳಸಿದವರು ಶೇ 57, ಜಾಲತಾಣಕ್ಕೆ ಬಳಸಿದವರು ಶೇ 76. ಬಳಸಬಲ್ಲವರಲ್ಲಿ ಸ್ವಂತ ಫೋನು ಇದ್ದದ್ದು ಹುಡುಗರಲ್ಲಿ ಶೇ 36, ಹುಡುಗಿಯರಲ್ಲಿ ಶೇ 27. ಈ ಅಂತರವನ್ನು ಮರೆತು ಕಾಯ್ದೆ ಬರೆದರೆ ಅದರ ಹೊರೆ ಹುಡುಗಿಯ ಮೇಲೆಯೇ ಹೆಚ್ಚು ಬೀಳುತ್ತದೆ. ತಮ್ಮನಿಗೆ ಅಪ್ಪ ಒಪ್ಪಿಗೆಯ ಗುಂಡಿ ಒತ್ತಿಯಾನು, ಅಕ್ಕನಿಗೆ ಒತ್ತುವುದು ಅನುಮಾನ.

ವಾಸ್ತವವಾಗಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭಾರತ ಒಂದು ಗೆರೆಯನ್ನು ಎಳೆದಾಗಿದೆ, ಅದೂ 18 ವರ್ಷಕ್ಕೆ. ಅದಕ್ಕಿಂತ ಕಿರಿಯರ ವಿವರಗಳನ್ನು ಬಳಸಲು ತಂದೆ ತಾಯಿಯ, ತಾಳೆ ನೋಡಬಹುದಾದ ಒಪ್ಪಿಗೆ ಬೇಕು. ಅದರ ಜೊತೆಗೇ ಹೆಚ್ಚು ಸುದ್ದಿಯಾಗದ ಇನ್ನೊಂದು ಅಂಶವಿದೆ. ಮಕ್ಕಳ ಜಾಡು ಹಿಡಿಯುವುದು, ಅವರ ನಡವಳಿಕೆಯ ಮೇಲೆ ನಿಗಾ ಇಡುವುದು, ಅದಕ್ಕೆ ತಕ್ಕಂತೆ ಜಾಹೀರಾತು ತೋರಿಸುವುದು ನಿಷಿದ್ಧ. ತಪ್ಪಿದರೆ 200 ಕೋಟಿ ರೂಪಾಯಿಯವರೆಗೆ ದಂಡ. 1844ರ ಬೇಲಿಗೆ ನಮ್ಮಲ್ಲಿ ಹತ್ತಿರ ಬರುವುದು ಈ ಒಂದು ಸಾಲು. ಒಪ್ಪಿಗೆಯ ಗುಂಡಿಗಿಂತ ಇದರ ಜಾರಿಗೆ ಸರ್ಕಾರ ಮನಸ್ಸು ಮಾಡುವುದು ಲೇಸು. ಆದರೆ ಯಾರ ಜಾಡು ಹಿಡಿಯಬಾರದು ಎಂದು ತಿಳಿಯಲೂ ಕಂಪೆನಿ ಮೊದಲು ಯಾರು ಮಗು ಎಂದು ಕೇಳಲೇಬೇಕು. ತಂದೆ ತಾಯಿಯ ಗುರುತನ್ನು ತಾಳೆ ನೋಡಲು ಡಿಜಿಲಾಕರ್‌ನಂಥ ವ್ಯವಸ್ಥೆಯನ್ನು ಬಳಸಬಹುದೆಂದು 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಹೇಳುತ್ತವೆ. ಸಿದ್ಧತೆ ಮಾಡಿಕೊಳ್ಳಲು ಆಗ ಕಂಪೆನಿಗಳಿಗೆ ಕೊಟ್ಟ ಗಡುವು 18 ತಿಂಗಳು.